ಆರ್ ಭಾಷೆಯಲ್ಲಿ ಅಡ್ಡಸಾಲು ಮತ್ತು ಕಂಬಸಾಲುಗಳ ಆಯ್ಕೆ

ಕೋಷ್ಟಕ ರೂಪದ ದತ್ತಾಂಶದಿಂದ ಬೇಕಾದ ಅಡ್ಡಸಾಲುಗಳನ್ನು, ಕಂಬಸಾಲುಗಳನ್ನು ಅಥವಾ ಎರಡೂ ಸೇರಿದ ಭಾಗವನ್ನು ಸ್ಥಾನ, ಹೆಸರು ಇಲ್ಲವೆ ಷರತ್ತಿನ ಆಧಾರದ ಮೇಲೆ ಬೇರ್ಪಡಿಸಿ ತೆಗೆಯುವ ಕ್ರಿಯೆಯೇ ಆಯ್ಕೆ. ಪ್ರೋಗ್ರಾಮರ್‌ಗಳ ಮಾತಿನಲ್ಲಿ ಇದು ಸಬ್‌ಸೆಟ್ಟಿಂಗ್. ಸಂಖ್ಯಾಶಾಸ್ತ್ರಕ್ಕೆಂದೇ ರೂಪುಗೊಂಡ ಆರ್ ಭಾಷೆಯಲ್ಲಿ ಈ ಕ್ರಿಯೆಗೆ ವ್ಯಾಕರಣದಲ್ಲೇ ಜಾಗವಿದೆ. ಯಾವ ಹೆಚ್ಚುವರಿ ಪ್ಯಾಕೇಜನ್ನೂ ಹಾಕಿಕೊಳ್ಳದೆ, ಚೌಕಾವರಣ, ಅಲ್ಪವಿರಾಮ ಮತ್ತು ಡಾಲರ್ ಚಿಹ್ನೆಗಳಿಂದಲೇ ಇದನ್ನು ಪೂರ್ತಿ ನಡೆಸಬಹುದು. ಸರಾಸರಿ ತೆಗೆಯುವುದಿರಲಿ, ನಕ್ಷೆ ಬರೆಯುವುದಿರಲಿ, ಮಾದರಿ ಕಟ್ಟುವುದಿರಲಿ, ಮೊದಲ ಹೆಜ್ಜೆ ಆಯ್ಕೆಯೇ. ಇಲ್ಲಿ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ದೋಷಸೂಚನೆ ಕೊಡದೆ ಸುಮ್ಮನೆ ದಾಟಿಹೋಗುತ್ತವೆ. ಆದ್ದರಿಂದ ನಿಯಮಗಳನ್ನು ಅಂದಾಜಿನಿಂದಲ್ಲ, ಖಚಿತವಾಗಿ ತಿಳಿದಿರಬೇಕಾಗುತ್ತದೆ.

ಪರಿಭಾಷೆ

ಒಂದು ದಾಖಲೆಯ ಎಲ್ಲ ವಿವರಗಳನ್ನು ಹೊತ್ತ ಸಾಲು ಅಡ್ಡಸಾಲು. ಎಲ್ಲ ದಾಖಲೆಗಳ ಒಂದೇ ವಿವರವನ್ನು ಮೇಲಿನಿಂದ ಕೆಳಕ್ಕೆ ಕೊಡುವ ಸಾಲು ಕಂಬಸಾಲು. ಒಂದೇ ಜಾತಿಯ ಬೆಲೆಗಳ ಕ್ರಮಬದ್ಧ ಪಟ್ಟಿ ವೆಕ್ಟರ್. ಯಾವ ಭಾಗ ಬೇಕೆಂದು ತಿಳಿಸಲು ಆವರಣದೊಳಗೆ ಬರೆಯುವ ಸಂಖ್ಯೆ, ಹೆಸರು ಅಥವಾ ಷರತ್ತಿಗೆ ಸೂಚಿ ಎಂದು ಈ ಲೇಖನದಲ್ಲಿ ಹೇಳಲಾಗಿದೆ. ದಾಖಲಾಗದೆ ಬಿಟ್ಟುಹೋದ ಬೆಲೆಯನ್ನು ಆರ್ ಭಾಷೆ ಎನ್ಎ ಎಂದು ಗುರುತಿಸುತ್ತದೆ. ಸಂಬಂಧ ಬೀಜಗಣಿತದಲ್ಲಿ ಸೆಲೆಕ್ಷನ್ ಎಂದರೆ ಅಡ್ಡಸಾಲುಗಳ ಆಯ್ಕೆ, ಪ್ರೊಜೆಕ್ಷನ್ ಎಂದರೆ ಕಂಬಸಾಲುಗಳ ಆಯ್ಕೆ. ಎಸ್‌ಕ್ಯೂಎಲ್ ಭಾಷೆಯ ಸೆಲೆಕ್ಟ್ ಪದವಾದರೋ ಕಂಬಸಾಲುಗಳನ್ನು ಆರಿಸುತ್ತದೆ, ಅಡ್ಡಸಾಲುಗಳ ಷರತ್ತನ್ನು ಅಲ್ಲಿ ವೇರ್ ಎಂಬ ಪದದ ಮುಂದೆ ಬರೆಯುತ್ತಾರೆ. ಗೊಂದಲ ಬೇಡವೆಂದು ಇಲ್ಲಿ ಪ್ರತಿ ಸಲವೂ ಅಡ್ಡಸಾಲಿನ ಆಯ್ಕೆ, ಕಂಬಸಾಲಿನ ಆಯ್ಕೆ ಎಂದು ಬಿಡಿಸಿಯೇ ಬರೆಯಲಾಗಿದೆ.

ಉದಾಹರಣೆಗಳಿಗೆ ಆರ್ ಜೊತೆಗೇ ಬರುವ ಏರ್‌ಕ್ವಾಲಿಟಿ ಕೋಷ್ಟಕವನ್ನು ತೆಗೆದುಕೊಂಡಿದೆ. 1973ರ ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ ನ್ಯೂಯಾರ್ಕ್ ನಗರದಲ್ಲಿ ದಿನದಿನವೂ ನಡೆದ ಗಾಳಿಯ ಮಾಪನಗಳು ಅದರಲ್ಲಿವೆ. ದಿನಕ್ಕೊಂದರಂತೆ 153 ಅಡ್ಡಸಾಲುಗಳು. ಓಜೋನ್, ಸೂರ್ಯವಿಕಿರಣ, ಗಾಳಿವೇಗ, ತಾಪ, ತಿಂಗಳು, ದಿನ ಎಂಬ 6 ಕಂಬಸಾಲುಗಳು. ತಾಪ ಫ್ಯಾರನ್‌ಹೀಟ್‌ನಲ್ಲಿದ್ದು 56ರಿಂದ 97ರವರೆಗೆ ಹರಡಿದೆ. ಓಜೋನ್ ಕಂಬಸಾಲಿನಲ್ಲಿ 37 ದಿನಗಳ ಬೆಲೆ ಬಿಟ್ಟುಹೋಗಿದೆ. ಮುಂದೆ ಈ ಕೋಷ್ಟಕಕ್ಕೆ ‘ಹವೆ’ ಎಂಬ ಹೆಸರು. ಕಂಬಸಾಲುಗಳ ಹೆಸರುಗಳನ್ನೂ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಕೊಡಲಾಗಿದೆ.

ಹಿನ್ನೆಲೆ

ಒಂದು ಸರಣಿಯ ಸ್ಥಾನಗಳನ್ನು ಇನ್ನೊಂದು ಸರಣಿಯಿಂದ ಸೂಚಿಸಿ ಹಲವು ಬೆಲೆಗಳನ್ನು ಒಟ್ಟಿಗೆ ತೆಗೆಯುವ ಪದ್ಧತಿಯ ಬೇರು ಎಪಿಎಲ್ ಭಾಷೆಯಲ್ಲಿದೆ. ಕೆನೆತ್ ಐವರ್ಸನ್ 1962ರ ತಮ್ಮ ಪುಸ್ತಕದಲ್ಲಿ ಆ ಭಾಷೆಯ ಸಂಕೇತಪದ್ಧತಿಯನ್ನು ನಿರೂಪಿಸಿದರು. ಕೋಷ್ಟಕಗಳ ಮೇಲಿನ ಕ್ರಿಯೆಗಳಿಗೆ ಗಣಿತದ ಬುನಾದಿ ಹಾಕಿದ್ದು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಆ ಚಿಂತನೆಯನ್ನು ಸೀಕ್ವೆಲ್ ಎಂಬ ಭಾಷೆಯಾಗಿ ರೂಪಿಸಿದರು. ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು.

ಆರ್ ನೇರವಾಗಿ ಹುಟ್ಟಿಬಂದಿರುವುದು ಎಸ್ ಭಾಷೆಯಿಂದ. ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಲ್ಲಿ ಅದರ ಕೆಲಸ ಆರಂಭಿಸಿದರು. ಮೊದಲಿಗೆ ಎಸ್‌ನಲ್ಲಿದ್ದ ಮುಖ್ಯ ರಚನೆಗಳು ವೆಕ್ಟರ್, ಮಾತೃಕೆ, ಪಟ್ಟಿಗಳು. ಸಂಖ್ಯೆಯೂ ಪಠ್ಯವೂ ಬೆರೆತ ನಿಜ ಜಗತ್ತಿನ ಕೋಷ್ಟಕವನ್ನು ಮಾತೃಕೆಯಲ್ಲಿಡಲು ಆಗುವುದಿಲ್ಲ, ಏಕೆಂದರೆ ಮಾತೃಕೆಯ ಬೆಲೆಗಳೆಲ್ಲ ಒಂದೇ ಜಾತಿಯವಾಗಿರಬೇಕು. ಈ ಕೊರತೆ ತುಂಬಲು ಬಂದದ್ದು ಡೇಟಾ ಫ್ರೇಮ್. ಚೇಂಬರ್ಸ್ ಮತ್ತು ಟ್ರೆವರ್ ಹೇಸ್ಟಿ ಸಂಪಾದಿಸಿದ, ಬಿಳಿ ಪುಸ್ತಕ ಎಂದೇ ಹೆಸರಾದ ಗ್ರಂಥ ಅದನ್ನು 1990ರ ದಶಕದ ಆರಂಭದಲ್ಲಿ ಬಳಕೆಗೆ ತಂದಿತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಅದೇ ದಶಕದ ಮೊದಲ ವರ್ಷಗಳಲ್ಲಿ ಆರ್ ಭಾಷೆಯನ್ನು ಬರೆದಾಗ ಎಸ್‌ನ ಆಯ್ಕೆಯ ನಿಯಮಗಳನ್ನು ಬಹುಪಾಲು ಹಾಗೆಯೇ ಉಳಿಸಿಕೊಂಡರು. 1995ರಲ್ಲಿ ಆರ್ ಮುಕ್ತ ತಂತ್ರಾಂಶವಾಯಿತು. ಅದರ 1.0.0 ಆವೃತ್ತಿ 2000ದ ಫೆಬ್ರವರಿ 29ರಂದು ಹೊರಬಂತು. ಇಂದು ವಿಚಿತ್ರವಾಗಿ ತೋರುವ ಕೆಲವು ನಡವಳಿಕೆಗಳ ಮೂಲ ಹುಡುಕಿದರೆ ಸಿಗುವುದು ಎಸ್‌ನಲ್ಲೇ. ಅವು ಟರ್ಮಿನಲ್ ಮುಂದೆ ಕುಳಿತು ಒಂದೊಂದೇ ಆಜ್ಞೆ ಕೊಡುವವನ ಅನುಕೂಲಕ್ಕೆ ಮಾಡಿದ ಏರ್ಪಾಡುಗಳು.

ಡೇಟಾ ಫ್ರೇಮಿನ ರಚನೆ

ಹೊರನೋಟಕ್ಕೆ ಡೇಟಾ ಫ್ರೇಮ್ ಒಂದು ಚೌಕುಳಿ ಕೋಷ್ಟಕ. ಒಳಗೆ ಅದು ಸಮಾನ ಉದ್ದದ ವೆಕ್ಟರ್‌ಗಳ ಪಟ್ಟಿ, ಒಂದೊಂದು ಕಂಬಸಾಲೂ ಒಂದು ವೆಕ್ಟರ್. ಪಟ್ಟಿಗೆ ಮೂರು ಲಕ್ಷಣಗಳು ಅಂಟಿಕೊಂಡಿರುತ್ತವೆ: ಕಂಬಸಾಲುಗಳ ಹೆಸರು, ಅಡ್ಡಸಾಲುಗಳ ಹೆಸರು ಮತ್ತು ಡೇಟಾ ಫ್ರೇಮ್ ಎಂಬ ವರ್ಗದ ಗುರುತು. ಹೆಸರೇ ಕೊಡದಿದ್ದರೆ ಅಡ್ಡಸಾಲುಗಳಿಗೆ 1, 2, 3 ಎಂದು ಅಂಕಿಗಳೇ ಹೆಸರಾಗುತ್ತವೆ. ಎಣಿಕೆ 1ರಿಂದ ಶುರು, ಪೈಥಾನ್ ಮತ್ತು ಸಿ ಭಾಷೆಗಳಂತೆ 0ಯಿಂದಲ್ಲ.

ಈ ಒಳರಚನೆಯೇ ಆಯ್ಕೆಯ ಹಲವು ನಿಯಮಗಳಿಗೆ ಕಾರಣ. ಡೇಟಾ ಫ್ರೇಮ್ ಪಟ್ಟಿಯೂ ಹೌದು, ಮಾತೃಕೆಯಂತೆ ನಡೆದುಕೊಳ್ಳುವುದೂ ಹೌದು. ಆದ್ದರಿಂದ ಒಂದೇ ಸೂಚಿ ಕೊಟ್ಟರೆ ಪಟ್ಟಿಯ ನಿಯಮ, ಅಲ್ಪವಿರಾಮ ಹಾಕಿ ಎರಡು ಸೂಚಿ ಕೊಟ್ಟರೆ ಮಾತೃಕೆಯ ನಿಯಮ ಅನ್ವಯವಾಗುತ್ತದೆ. ಒಂದು ಕಂಬಸಾಲನ್ನು ತೆಗೆಯುವುದು ಅಗ್ಗದ ಕೆಲಸ, ಆ ವೆಕ್ಟರ್ ಸಿದ್ಧವಾಗಿಯೇ ಇರುತ್ತದೆ. ಒಂದು ಅಡ್ಡಸಾಲನ್ನು ತೆಗೆಯಬೇಕಾದರೆ ಎಲ್ಲ ಕಂಬಸಾಲುಗಳಿಗೂ ಹೋಗಿ ಒಂದೊಂದು ಬೆಲೆ ಹೆಕ್ಕಿ ತರಬೇಕು. ದೊಡ್ಡ ಕೋಷ್ಟಕದ ಅಡ್ಡಸಾಲುಗಳನ್ನು ಲೂಪ್‌ನಲ್ಲಿ ಒಂದೊಂದಾಗಿ ಆರಿಸುವ ಪ್ರೋಗ್ರಾಂಗಳು ನಿಧಾನವಾಗಲು ಇದೇ ಕಾರಣ.

ಮೂರು ಚಿಹ್ನೆಗಳು

ಒಂಟಿ ಚೌಕಾವರಣ, ಜೋಡಿ ಚೌಕಾವರಣ, ಡಾಲರ್ ಚಿಹ್ನೆ: ಆಯ್ಕೆಯ ಸಾಧನಗಳು ಈ ಮೂರು.

ಒಂಟಿ ಚೌಕಾವರಣದಲ್ಲಿ ಅಲ್ಪವಿರಾಮದ ಎಡಕ್ಕೆ ಅಡ್ಡಸಾಲಿನ ಸೂಚಿ, ಬಲಕ್ಕೆ ಕಂಬಸಾಲಿನ ಸೂಚಿ. ಹವೆ[3, 4] ಎಂದರೆ ಮೂರನೆಯ ದಿನದ ತಾಪ, ಅಂದರೆ 74. ಒಂದು ಕಡೆ ಖಾಲಿ ಬಿಟ್ಟರೆ ಆ ದಿಕ್ಕಿನಲ್ಲಿ ಎಲ್ಲವೂ ಬೇಕು ಎಂದರ್ಥ. ಹವೆ[3, ] ಮೂರನೆಯ ಅಡ್ಡಸಾಲನ್ನು ಪೂರ್ತಿ ಕೊಡುತ್ತದೆ, ಹವೆ[, 4] ತಾಪದ ಕಂಬಸಾಲನ್ನು ಪೂರ್ತಿ ಕೊಡುತ್ತದೆ. ಅಲ್ಪವಿರಾಮವೇ ಇಲ್ಲದ ಹವೆ[4] ಕೂಡ ತಾಪವನ್ನೇ ಕೊಡುತ್ತದೆ, ಆದರೆ ಒಂದೇ ಕಂಬಸಾಲಿನ ಡೇಟಾ ಫ್ರೇಮ್ ರೂಪದಲ್ಲಿ. ಹೊಸದಾಗಿ ಕಲಿಯುವವರು ಅಡ್ಡಸಾಲನ್ನು ಬಯಸಿ ಅಲ್ಪವಿರಾಮ ಮರೆತರೆ ಕೈಗೆ ಬರುವುದು ಕಂಬಸಾಲು.

ಜೋಡಿ ಚೌಕಾವರಣ ಪಟ್ಟಿಯೊಳಗಿನ ಒಂದೇ ಒಂದು ಅಂಶವನ್ನು ಹೊರತೆಗೆಯುತ್ತದೆ. ಹವೆ[[4]] ಅಥವಾ ಹವೆ[["ತಾಪ"]] ಎಂದರೆ 153 ಸಂಖ್ಯೆಗಳ ಬರಿಯ ವೆಕ್ಟರ್. ಒಂಟಿ ಆವರಣ ಡಬ್ಬಿಯ ಸಮೇತ ಕೊಡುತ್ತದೆ, ಜೋಡಿ ಆವರಣ ಡಬ್ಬಿ ತೆರೆದು ಒಳಗಿನದನ್ನು ಕೊಡುತ್ತದೆ ಎಂದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕಂಬಸಾಲಿನ ಹೆಸರು ಇನ್ನೊಂದು ಚರದಲ್ಲಿ ಇದ್ದಾಗಲೂ ಜೋಡಿ ಆವರಣ ನಡೆಯುತ್ತದೆ.

ಡಾಲರ್ ಚಿಹ್ನೆ ಇದರ ಸಂಕ್ಷಿಪ್ತ ರೂಪ. ಹವೆ$ತಾಪ ಎಂದು ಬರೆದರೆ ಉದ್ಧರಣ ಚಿಹ್ನೆಯೂ ಬೇಡ, ಆವರಣವೂ ಬೇಡ. ಬಳಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದೂ ಇದೇ. ಆದರೆ ಇದರಲ್ಲೊಂದು ತೊಡಕಿದೆ: ಹೆಸರಿನ ಮೊದಲ ಭಾಗ ಮಾತ್ರ ಕೊಟ್ಟರೂ, ಅದು ಒಂದೇ ಕಂಬಸಾಲಿಗೆ ಹೊಂದುವಂತಿದ್ದರೆ, ಡಾಲರ್ ಒಪ್ಪಿಕೊಳ್ಳುತ್ತದೆ. ಹವೆ$ಓಜೋ ಎಂದು ಬರೆದರೂ ಓಜೋನ್ ಕಂಬಸಾಲು ಬರುತ್ತದೆ. ಜೋಡಿ ಆವರಣ ಹೀಗೆ ಮಾಡುವುದಿಲ್ಲ. ಪೂರ್ತಿ ಹೆಸರು ಸಿಗದಿದ್ದರೆ ನಲ್ ಎಂಬ ಶೂನ್ಯ ವಸ್ತುವನ್ನು ಹಿಂದಿರುಗಿಸುತ್ತದೆ. ಓದುವಾಗ ಅರ್ಧ ಹೆಸರಿಗೆ ಒಗ್ಗುವ ಡಾಲರ್ ಬರೆಯುವಾಗ ಒಗ್ಗುವುದಿಲ್ಲ. ಹವೆ$ಓಜೋ ಎಂಬುದಕ್ಕೆ ಹೊಸ ಬೆಲೆ ಕೊಟ್ಟರೆ ಓಜೋನ್ ಬದಲಾಗುವುದಿಲ್ಲ, ಕೋಷ್ಟಕದ ಕೊನೆಯಲ್ಲಿ ‘ಓಜೋ’ ಎಂಬ ಏಳನೆಯ ಕಂಬಸಾಲು ಹುಟ್ಟಿಕೊಳ್ಳುತ್ತದೆ. ಉಳಿಸಿಟ್ಟು ಮತ್ತೆ ಮತ್ತೆ ಓಡಿಸುವ ಪ್ರೋಗ್ರಾಂನಲ್ಲಿ ಹೆಸರನ್ನು ಪೂರ್ತಿ ಬರೆಯುವುದೇ ಸರಿ.

ಸೂಚಿಯ ಬಗೆಗಳು

ಧನ ಪೂರ್ಣಾಂಕಗಳು ಬೇಕಾದ ಸ್ಥಾನಗಳನ್ನು ಹೇಳುತ್ತವೆ. ಸೂಚಿಯಲ್ಲಿ ಬರೆದ ಕ್ರಮವೇ ಫಲಿತಾಂಶದ ಕ್ರಮವಾಗುತ್ತದೆ, ಒಂದೇ ಸಂಖ್ಯೆ ಎರಡು ಸಲ ಬಂದರೆ ಆ ಸಾಲೂ ಎರಡು ಸಲ ಬರುತ್ತದೆ. ಕೋಷ್ಟಕವನ್ನು ವಿಂಗಡಿಸುವುದು, ಯಾದೃಚ್ಛಿಕ ಮಾದರಿ ತೆಗೆಯುವುದು ಈ ಗುಣದ ಮೇಲೆಯೇ ನಿಂತಿವೆ. ಹವೆ[ಆರ್ಡರ್(ಹವೆ$ತಾಪ), ] ಎಂಬಲ್ಲಿ ಆರ್ಡರ್ ಫಂಕ್ಷನ್ ಕೋಷ್ಟಕವನ್ನು ಮುಟ್ಟುವುದೇ ಇಲ್ಲ, ಯಾವ ಕ್ರಮದಲ್ಲಿ ಎತ್ತಿಕೊಳ್ಳಬೇಕೆಂಬ ಸ್ಥಾನಗಳ ಪಟ್ಟಿಯನ್ನಷ್ಟೇ ಕೊಡುತ್ತದೆ. ವಿಂಗಡಣೆ ಆಗುವುದು ಆಯ್ಕೆಯಿಂದ.

ಋಣ ಪೂರ್ಣಾಂಕಗಳು ಬೇಡವಾದ ಸ್ಥಾನಗಳನ್ನು ಹೇಳುತ್ತವೆ. ಹವೆ[-1, ] ಎಂದರೆ ಮೊದಲ ದಿನ ಬಿಟ್ಟು ಉಳಿದ 152 ದಿನಗಳು. ಪೈಥಾನ್‌ನಲ್ಲಿ -1 ಎಂದರೆ ಕೊನೆಯದು. ಎರಡೂ ಭಾಷೆ ಬಳಸುವವರು ಎಡವುವ ಜಾಗವಿದು. ಒಂದೇ ಸೂಚಿಯಲ್ಲಿ ಧನ, ಋಣ ಎರಡನ್ನೂ ಬೆರೆಸಿದರೆ ದೋಷ. 0 ಕೊಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಅಕ್ಷರರೂಪದ ಸೂಚಿ ಹೆಸರಿನ ಮೂಲಕ ಆರಿಸುತ್ತದೆ. ಹವೆ[, ಸಿ("ತಿಂಗಳು", "ದಿನ", "ತಾಪ")] ಎಂದರೆ ಮೂರು ಕಂಬಸಾಲುಗಳು, ಅದೇ ಕ್ರಮದಲ್ಲಿ. ಇಲ್ಲಿ ಸಿ ಎಂಬುದು ಬೆಲೆಗಳನ್ನು ಒಂದೇ ವೆಕ್ಟರ್ ಆಗಿ ಕೂಡಿಸುವ ಫಂಕ್ಷನ್. ಕಂಬಸಾಲುಗಳಿಗೆ ಸ್ಥಾನಕ್ಕಿಂತ ಹೆಸರೇ ಭದ್ರ. ದತ್ತಾಂಶದ ಕಡತಕ್ಕೆ ನಾಳೆ ಯಾರೋ ಮಧ್ಯದಲ್ಲಿ ಒಂದು ಕಂಬಸಾಲು ಸೇರಿಸಿದರೆ 4 ಎಂಬ ಸ್ಥಾನದಲ್ಲಿ ತಾಪ ಇರುವುದಿಲ್ಲ, ಆದರೂ ಪ್ರೋಗ್ರಾಂ ತಕರಾರಿಲ್ಲದೆ ಓಡುತ್ತದೆ. ಹೆಸರಿನಿಂದ ಕೇಳಿದ್ದರೆ ಸರಿಯಾದದ್ದೇ ಬರುತ್ತದೆ ಅಥವಾ ಇಲ್ಲವೆಂದು ದೋಷ ಬರುತ್ತದೆ.

ತಾರ್ಕಿಕ ಸೂಚಿ ಟ್ರೂ, ಫಾಲ್ಸ್ ಬೆಲೆಗಳ ಸಾಲು. ಟ್ರೂ ಇರುವ ಸ್ಥಾನಗಳು ಉಳಿಯುತ್ತವೆ. ಸೂಚಿ ಚಿಕ್ಕದಾಗಿದ್ದರೆ ಆರ್ ಅದನ್ನೇ ಮತ್ತೆ ಮತ್ತೆ ಬಳಸಿ ಉದ್ದ ಹೊಂದಿಸುತ್ತದೆ. ಹವೆ[ಸಿ(ಟ್ರೂ, ಫಾಲ್ಸ್), ] ಎಂದರೆ ದಿನ ಬಿಟ್ಟು ದಿನದ 77 ಅಡ್ಡಸಾಲುಗಳು.

ಮೇರೆ ಮೀರಿದ ಸೂಚಿಗೆ ಎರಡು ದಿಕ್ಕಿನಲ್ಲೂ ಒಂದೇ ಉತ್ತರವಿಲ್ಲ. ಇಲ್ಲದ ಕಂಬಸಾಲನ್ನು ಒಂಟಿ ಆವರಣದಲ್ಲಿ ಕೇಳಿದರೆ ದೋಷಸೂಚನೆ ಬರುತ್ತದೆ. ಇಲ್ಲದ 200ನೆಯ ಅಡ್ಡಸಾಲನ್ನು ಕೇಳಿದರೆ ಪೂರ್ತಿ ಎನ್ಎ ತುಂಬಿದ ಸಾಲು ಬರುತ್ತದೆ, ಯಾವ ಎಚ್ಚರಿಕೆಯೂ ಇಲ್ಲದೆ.

ಷರತ್ತಿನ ಆಯ್ಕೆ

ಪ್ರಾಯೋಗಿಕವಾಗಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ರೂಪ ಇದು. ಹವೆ$ತಿಂಗಳು == 5 ಎಂಬ ಹೋಲಿಕೆ 153 ಟ್ರೂ, ಫಾಲ್ಸ್‌ಗಳ ಸಾಲನ್ನು ಕೊಡುತ್ತದೆ. ಅದನ್ನೇ ಅಲ್ಪವಿರಾಮದ ಎಡಕ್ಕೆ ಇಟ್ಟರೆ ಮೇ ತಿಂಗಳ 31 ದಿನಗಳು ಸಿಗುತ್ತವೆ. ಎರಡು ಷರತ್ತುಗಳೂ ಕೂಡಿ ಬೇಕಾದರೆ & ಚಿಹ್ನೆ, ಒಂದಾದರೂ ಸಾಕಾದರೆ | ಚಿಹ್ನೆ, ತಿರುವುಮುರುವು ಮಾಡಲು ! ಚಿಹ್ನೆ. ಜೋಡಿ && ಇರುವುದು ಒಂದೊಂದೇ ಬೆಲೆಯ ಷರತ್ತುಗಳಿಗಾಗಿ. ಅದನ್ನು ಕಂಬಸಾಲಿನ ಮೇಲೆ ಬಳಸಿದರೆ ಹಿಂದೆಲ್ಲ ಮೊದಲ ಬೆಲೆಯನ್ನಷ್ಟೇ ನೋಡಿ ಸುಮ್ಮನಾಗುತ್ತಿತ್ತು. 2023ರಲ್ಲಿ ಬಂದ 4.3.0 ಆವೃತ್ತಿಯಿಂದ ಇದು ದೋಷ.

ಬಿಟ್ಟುಹೋದ ಬೆಲೆಗಳು ಇಲ್ಲಿನ ದೊಡ್ಡ ತೊಡಕು. ಓಜೋನ್ 100ನ್ನು ಮೀರಿದ ದಿನಗಳು ಬೇಕೆಂದು ಹವೆ[ಹವೆ$ಓಜೋನ್ > 100, ] ಎಂದು ಬರೆದರೆ 44 ಅಡ್ಡಸಾಲುಗಳು ಬರುತ್ತವೆ. ನಿಜವಾಗಿ 100 ದಾಟಿದ ದಿನಗಳು 7 ಮಾತ್ರ. ಉಳಿದ 37 ಓಜೋನ್ ದಾಖಲಾಗದ ದಿನಗಳಿಂದ ಬಂದವು. ಗೊತ್ತಿಲ್ಲದ ಬೆಲೆ 100ಕ್ಕಿಂತ ಹೆಚ್ಚೇ ಎಂದು ಕೇಳಿದರೆ ಆರ್ ಕೊಡುವ ಉತ್ತರ ಗೊತ್ತಿಲ್ಲ ಎಂದೇ, ಅಂದರೆ ಎನ್ಎ. ತಾರ್ಕಿಕ ಸೂಚಿಯಲ್ಲಿ ಎನ್ಎ ಬಂದ ಕಡೆ ಆ ಅಡ್ಡಸಾಲು ಬಿಟ್ಟುಹೋಗುವುದಿಲ್ಲ, ಎಲ್ಲ ಕಂಬಸಾಲುಗಳಲ್ಲೂ ಎನ್ಎ ತುಂಬಿದ ಸಾಲಾಗಿ ಬರುತ್ತದೆ. ಆ ದಿನದ ತಾಪ, ಗಾಳಿವೇಗಗಳು ದಾಖಲಾಗಿದ್ದರೂ ಅವೂ ಕಾಣೆಯಾಗುತ್ತವೆ. ತರ್ಕದ ದೃಷ್ಟಿಯಿಂದ ಇದು ಪ್ರಾಮಾಣಿಕ ನಡವಳಿಕೆ, ಎಣಿಕೆಯ ದೃಷ್ಟಿಯಿಂದ ಅಪಾಯಕಾರಿ. ಫಲಿತಾಂಶದ ಅಡ್ಡಸಾಲುಗಳನ್ನು ಎಣಿಸಿ, ಓಜೋನ್ ಮಿತಿಮೀರಿದ ದಿನಗಳು 44 ಎಂದು ವರದಿ ಬರೆದರೆ ಅದು ಆರು ಪಟ್ಟು ಉಬ್ಬಿದ ಸುಳ್ಳು.

ಪರಿಹಾರ ಎರಡು ಬಗೆ. ಷರತ್ತಿಗೆ !ಈಸ್.ಎನ್ಎ(ಹವೆ$ಓಜೋನ್) ಎಂದು, ಅಂದರೆ ಓಜೋನ್ ಎನ್ಎ ಆಗಿರಬಾರದೆಂದು, ಇನ್ನೊಂದು ಷರತ್ತು ಸೇರಿಸುವುದು ಒಂದು. ವಿಚ್ ಫಂಕ್ಷನ್ ಬಳಸುವುದು ಇನ್ನೊಂದು. ಅದು ಟ್ರೂ ಇರುವ ಸ್ಥಾನಗಳ ಸಂಖ್ಯೆಗಳನ್ನು ಮಾತ್ರ ಕೊಟ್ಟು ಎನ್ಎಗಳನ್ನು ಕೈಬಿಡುತ್ತದೆ. ಹವೆ[ವಿಚ್(ಹವೆ$ಓಜೋನ್ > 100), ] ಎಂದರೆ ಸರಿಯಾಗಿ 7 ಅಡ್ಡಸಾಲುಗಳು. ಬೆಲೆಯೇ ಇಲ್ಲದ ಸಾಲುಗಳನ್ನು ಹುಡುಕಲು == ಎನ್ಎ ಎಂದು ಬರೆಯುವುದು ವ್ಯರ್ಥ, ಅದರ ಉತ್ತರವೆಲ್ಲ ಎನ್ಎ.

ವಿಚ್ ಜೊತೆ ಋಣ ಚಿಹ್ನೆ ಸೇರಿದಾಗ ಬೇರೊಂದು ಬಲೆ ತೆರೆದುಕೊಳ್ಳುತ್ತದೆ. 100 ಡಿಗ್ರಿ ಮೀರಿದ ದಿನಗಳನ್ನು ಬಿಡಬೇಕೆಂದು ಹವೆ[-ವಿಚ್(ಹವೆ$ತಾಪ > 100), ] ಎಂದು ಬರೆದರೆ ಒಂದು ಅಡ್ಡಸಾಲೂ ಉಳಿಯುವುದಿಲ್ಲ. ಕೋಷ್ಟಕದ ಗರಿಷ್ಠ ತಾಪ 97. ಷರತ್ತಿಗೆ ಹೊಂದುವ ದಿನವೇ ಇಲ್ಲದ್ದರಿಂದ ವಿಚ್ ಖಾಲಿ ವೆಕ್ಟರ್ ಕೊಡುತ್ತದೆ, ಖಾಲಿಯ ಮುಂದೆ ಋಣ ಚಿಹ್ನೆ ಇಟ್ಟರೂ ಅದು ಖಾಲಿಯೇ, ಖಾಲಿ ಸೂಚಿ ಎಂದರೆ ಯಾವ ಸಾಲೂ ಬೇಡ ಎಂದರ್ಥ. 153 ದಿನಗಳು ಉಳಿಯಬೇಕಿದ್ದ ಕಡೆ ಶೂನ್ಯ. ಬೇಡದ್ದನ್ನು ತೆಗೆಯಲು ಷರತ್ತನ್ನೇ ತಿರುಗಿಸಿ, ತಾಪ 100 ಅಥವಾ ಅದಕ್ಕಿಂತ ಕಡಿಮೆ ಎಂದು ಬರೆಯಬೇಕು.

ಹಲವು ಬೆಲೆಗಳಲ್ಲಿ ಯಾವುದಾದರೂ ಒಂದಕ್ಕೆ ಸಮ ಎಂದು ಹೇಳಲು %ಇನ್% ಎಂಬ ಚಿಹ್ನೆ ಇದೆ. ಮೇ ಮತ್ತು ಸೆಪ್ಟೆಂಬರ್ ದಿನಗಳಿಗೆ ಹವೆ$ತಿಂಗಳು %ಇನ್% ಸಿ(5, 9) ಎಂದರೆ 61 ದಿನಗಳು. ಇದೇ ಜಾಗದಲ್ಲಿ == ಇಟ್ಟರೆ ಮೊದಲ ಸಾಲು 5ರೊಂದಿಗೆ, ಎರಡನೆಯದು 9ರೊಂದಿಗೆ, ಮೂರನೆಯದು ಮತ್ತೆ 5ರೊಂದಿಗೆ ಹೋಲಿಕೆಯಾಗುತ್ತ ಹೋಗಿ ಮೇ ತಿಂಗಳ 16, ಸೆಪ್ಟೆಂಬರಿನ 15, ಒಟ್ಟು 31 ದಿನಗಳು ಮಾತ್ರ ಉಳಿಯುತ್ತವೆ. 153 ಬೆಸ ಸಂಖ್ಯೆಯಾದ್ದರಿಂದ ಆರ್ ಇಲ್ಲಿ ಉದ್ದಗಳು ಹೊಂದುವುದಿಲ್ಲವೆಂದು ಎಚ್ಚರಿಸುತ್ತದೆ. ಸಾಲುಗಳ ಸಂಖ್ಯೆ ಸಮವಾಗಿದ್ದರೆ ಆ ಎಚ್ಚರಿಕೆಯೂ ಇಲ್ಲ.

ಆಯ್ಕೆಯ ನಂತರದ ಆಕಾರ ಮತ್ತು ಹೆಸರು

ಅಲ್ಪವಿರಾಮ ಬಳಸಿ ಒಂದೇ ಕಂಬಸಾಲನ್ನು ಆರಿಸಿದಾಗ ಫಲಿತಾಂಶ ಕೋಷ್ಟಕವಾಗಿ ಉಳಿಯದೆ ವೆಕ್ಟರ್ ಆಗಿಬಿಡುತ್ತದೆ. ಕೈಯಿಂದ ಆಜ್ಞೆ ಕೊಡುವಾಗ ಇದು ಅನುಕೂಲವೇ. ತೊಂದರೆ ಬರುವುದು ಕಂಬಸಾಲುಗಳ ಪಟ್ಟಿಯನ್ನು ಬಳಕೆದಾರರಿಂದ ಪಡೆದು ಕೆಲಸ ಮಾಡುವ ಫಂಕ್ಷನ್‌ಗಳಲ್ಲಿ. ಎರಡು ಹೆಸರು ಕೊಟ್ಟಾಗ ಸರಿಯಾಗಿ ನಡೆಯುವ ಫಂಕ್ಷನ್ ಒಂದೇ ಹೆಸರು ಕೊಟ್ಟಾಗ ಕುಸಿಯುತ್ತದೆ, ಏಕೆಂದರೆ ವೆಕ್ಟರ್‌ಗೆ ಕಂಬಸಾಲುಗಳ ಸಂಖ್ಯೆ ಎಂಬುದೇ ಇಲ್ಲ. ಡ್ರಾಪ್ = ಫಾಲ್ಸ್ ಎಂದು ಆವರಣದಲ್ಲಿ ಸೇರಿಸಿದರೆ ಕೋಷ್ಟಕದ ಆಕಾರ ಉಳಿಯುತ್ತದೆ. ಇತರರು ಬಳಸಲೆಂದು ಬರೆಯುವ ಫಂಕ್ಷನ್‌ನಲ್ಲಿ ಇದನ್ನು ಬಿಡುವಂತಿಲ್ಲ.

ಅಡ್ಡಸಾಲುಗಳನ್ನು ಆರಿಸಿದಾಗ ಅವುಗಳ ಹಳೆಯ ಹೆಸರು ಜೊತೆಗೇ ಬರುತ್ತದೆ. ಓಜೋನ್ 100 ದಾಟಿದ ಆ ಏಳು ಸಾಲುಗಳ ಹೆಸರು 30, 62, 86, 99, 101, 117, 121. ಹೊಸ ಕೋಷ್ಟಕದಲ್ಲಿ "30" ಎಂದು ಉದ್ಧರಣ ಚಿಹ್ನೆಯೊಳಗೆ ಕೇಳಿದರೆ ಮೊದಲ ಸಾಲು ಸಿಗುತ್ತದೆ. ಬರಿ 30 ಎಂದು ಕೇಳಿದರೆ ಆ ಸ್ಥಾನವೇ ಇಲ್ಲದ್ದರಿಂದ ಎನ್ಎ ಸಾಲು ಬರುತ್ತದೆ. ವರ್ಗಗಳನ್ನು ಸೂಚಿಸುವ ಫ್ಯಾಕ್ಟರ್ ಜಾತಿಯ ಕಂಬಸಾಲುಗಳಲ್ಲಿಯೂ ಹಳೆಯದು ಉಳಿಯುತ್ತದೆ: ಒಂದೂ ಸಾಲು ಉಳಿಯದ ವರ್ಗಗಳು ಕೂಡ ವರ್ಗಗಳ ಪಟ್ಟಿಯಲ್ಲಿ ಇದ್ದೇ ಇರುತ್ತವೆ, ನಕ್ಷೆ ಬರೆದಾಗ ಖಾಲಿ ಕಂಬಗಳಾಗಿ ಕಾಣುತ್ತವೆ. ಅವುಗಳನ್ನು ಅಳಿಸಲು ಡ್ರಾಪ್‌ಲೆವೆಲ್ಸ್ ಎಂಬ ಫಂಕ್ಷನ್ ಇದೆ.

ಆಯ್ದ ಭಾಗಕ್ಕೆ ಬೆಲೆ ಬರೆಯುವುದು

ಆಯ್ಕೆಯ ಅಭಿವ್ಯಕ್ತಿಯನ್ನು <- ಚಿಹ್ನೆಯ ಎಡಕ್ಕೆ ಇಟ್ಟರೆ ಆ ಭಾಗಕ್ಕೆ ಹೊಸ ಬೆಲೆ ಸೇರುತ್ತದೆ. ಕಂಬಸಾಲಿಗೆ ನಲ್ ಕೊಟ್ಟರೆ ಆ ಕಂಬಸಾಲು ಅಳಿಯುತ್ತದೆ. ಓದುವಾಗ ಎನ್ಎ ಇರುವ ತಾರ್ಕಿಕ ಸೂಚಿಯನ್ನು ಸಹಿಸುವ ಡೇಟಾ ಫ್ರೇಮ್ ಬರೆಯುವಾಗ ದೋಷ ತೋರಿಸಿ ನಿಲ್ಲುತ್ತದೆ, ಯಾವ ಸಾಲಿಗೆ ಬರೆಯಬೇಕೆಂದು ತಿಳಿಯದಿದ್ದಾಗ ನಿಲ್ಲುವುದೇ ಸರಿ. ಆಯ್ದ ಭಾಗವನ್ನು ಬೇರೆ ಹೆಸರಿನಲ್ಲಿಟ್ಟು ಬದಲಿಸಿದರೆ ಮೂಲ ಕೋಷ್ಟಕ ಬದಲಾಗುವುದಿಲ್ಲ.

ಸಬ್‌ಸೆಟ್ ಫಂಕ್ಷನ್

ಪದೇ ಪದೇ ಹವೆ$ ಎಂದು ಬರೆಯುವ ಕಷ್ಟ ತಪ್ಪಿಸಲು ಮೂಲ ಆರ್‌ನಲ್ಲೇ ಸಬ್‌ಸೆಟ್ ಎಂಬ ಫಂಕ್ಷನ್ ಇದೆ. ಸಬ್‌ಸೆಟ್(ಹವೆ, ಓಜೋನ್ > 100) ಎಂದರೆ 7 ಅಡ್ಡಸಾಲುಗಳು. ಎನ್ಎಯನ್ನು ಇದು ಫಾಲ್ಸ್ ಎಂದೇ ಗಣಿಸುತ್ತದೆ. ಸೆಲೆಕ್ಟ್ ಎಂಬ ಮತ್ತೊಂದು ಭಾಗದಲ್ಲಿ ಕಂಬಸಾಲುಗಳನ್ನು ಹೇಳಬಹುದು, ಓಜೋನ್:ತಾಪ ಎಂದು ಹೆಸರುಗಳ ನಡುವೆ ವ್ಯಾಪ್ತಿಯನ್ನೂ ಕೊಡಬಹುದು. ಆದರೆ ಷರತ್ತಿನಲ್ಲಿ ಬರುವ ಹೆಸರನ್ನು ಅದು ಮೊದಲು ಕೋಷ್ಟಕದೊಳಗೆ ಹುಡುಕಿ, ಅಲ್ಲಿ ಸಿಗದಿದ್ದರೆ ಮಾತ್ರ ಹೊರಗೆ ನೋಡುತ್ತದೆ. ಹೊರಗಿನ ಚರಕ್ಕೂ ಒಂದು ಕಂಬಸಾಲಿಗೂ ಒಂದೇ ಹೆಸರಿದ್ದರೆ ಉದ್ದೇಶ ತಪ್ಪುತ್ತದೆ. ಹೀಗಾಗಿ ಇದನ್ನು ನೇರ ಬಳಕೆಗೆ ಇಟ್ಟುಕೊಂಡು, ಪ್ರೋಗ್ರಾಂ ಬರೆಯುವಾಗ ಆವರಣವನ್ನೇ ಬಳಸಬೇಕೆಂದು ಆರ್‌ನ ಅಧಿಕೃತ ದಾಖಲೆ ಎಚ್ಚರಿಸುತ್ತದೆ.

ಪ್ಯಾಕೇಜುಗಳು

ಮೂಲ ಆರ್‌ನ ಹೊರಗೆ ಎರಡು ಪ್ಯಾಕೇಜುಗಳು ಆಯ್ಕೆಯ ರೀತಿಯನ್ನೇ ಬದಲಿಸಿವೆ. ಮ್ಯಾಟ್ ಡೌಲ್ 2006ರಲ್ಲಿ ಬಿಡುಗಡೆ ಮಾಡಿದ ಡೇಟಾ.ಟೇಬಲ್ ಆವರಣವನ್ನೇ ಉಳಿಸಿಕೊಂಡು ಅದರೊಳಗೆ ಮೂರು ಭಾಗ ಮಾಡಿತು: ಮೊದಲನೆಯದು ಅಡ್ಡಸಾಲು, ಎರಡನೆಯದು ಕಂಬಸಾಲು ಅಥವಾ ಅದರ ಮೇಲಿನ ಲೆಕ್ಕ, ಮೂರನೆಯದು ಗುಂಪು. ಕಂಬಸಾಲಿನ ಹೆಸರನ್ನು ಆವರಣದೊಳಗೆ ನೇರ ಬರೆಯಬಹುದು. ಕೋಷ್ಟಕಕ್ಕೆ ಒಂದು ಕೀ ಗೊತ್ತುಮಾಡಿದರೆ ಅದರ ಪ್ರಕಾರ ಸಾಲುಗಳು ವಿಂಗಡಣೆಯಾಗಿ, ಆಯ್ಕೆ ಎಲ್ಲ ಸಾಲುಗಳನ್ನೂ ನೋಡದೆ ದ್ವಿಮಾನ ಶೋಧದಿಂದ ನಡೆಯುತ್ತದೆ. ಕೋಟಿಗಟ್ಟಲೆ ಸಾಲುಗಳಿರುವ ಕೋಷ್ಟಕದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಇದರ ರೇಡಿಕ್ಸ್ ವಿಂಗಡಣೆಯ ವಿಧಾನವನ್ನು 2016ರ 3.3.0 ಆವೃತ್ತಿಯಲ್ಲಿ ಮೂಲ ಆರ್ ಕೂಡ ಅಳವಡಿಸಿಕೊಂಡಿತು.

2014ರಲ್ಲಿ ಹ್ಯಾಡ್ಲಿ ವಿಕ್‌ಹ್ಯಾಮ್ ಮತ್ತು ರೋಮಾ ಫ್ರಾಂಸ್ವಾ ಹೊರತಂದ ಡಿಪ್ಲೈಯರ್ ಆವರಣಗಳ ಬದಲು ಕ್ರಿಯಾಪದಗಳನ್ನು ಮುಂದಿಟ್ಟಿತು. ಅಡ್ಡಸಾಲನ್ನು ಷರತ್ತಿನಿಂದ ಆರಿಸಲು ಫಿಲ್ಟರ್, ಸ್ಥಾನದಿಂದ ಆರಿಸಲು ಸ್ಲೈಸ್, ಕಂಬಸಾಲುಗಳಿಗೆ ಸೆಲೆಕ್ಟ್, ಒಂದು ಕಂಬಸಾಲನ್ನು ವೆಕ್ಟರ್ ಆಗಿ ಪಡೆಯಲು ಪುಲ್. ಒಂದು ಕ್ರಿಯೆಗೆ ಒಂದೇ ಪದ, ಒಂದು ಪದಕ್ಕೆ ಒಂದೇ ಬಗೆಯ ಫಲಿತಾಂಶ ಎಂಬುದು ಇದರ ನಿಯಮ. ಫಿಲ್ಟರ್ ಎನ್ಎಗಳನ್ನು ಬಿಟ್ಟುಬಿಡುತ್ತದೆ. ಹೆಸರಿನ ಆರಂಭ, ಅಂತ್ಯ, ಒಳಗಿನ ತುಣುಕು ಅಥವಾ ಬೆಲೆಗಳ ಜಾತಿ ನೋಡಿ ಕಂಬಸಾಲುಗಳನ್ನು ಆರಿಸುವ ಸಹಾಯಕ ಫಂಕ್ಷನ್‌ಗಳೂ ಇದರಲ್ಲಿವೆ. ನೂರಾರು ಕಂಬಸಾಲುಗಳ ಸಮೀಕ್ಷೆಗಳಲ್ಲಿ ಇವು ಅನಿವಾರ್ಯ. ಇದರ ಜೊತೆಗಾರ ಟಿಬಲ್ ಎಂಬ ಕೋಷ್ಟಕವರ್ಗ ಒಂಟಿ ಆವರಣಕ್ಕೆ ಸದಾ ಕೋಷ್ಟಕವನ್ನೇ ಹಿಂದಿರುಗಿಸುತ್ತದೆ, ಅರ್ಧ ಹೆಸರನ್ನು ಒಪ್ಪುವುದಿಲ್ಲ. ಒಂದು ಎಚ್ಚರ ಬೇಕು: ಕಾಲಸರಣಿಗಳಿಗಾಗಿ ಆರ್‌ನಲ್ಲೇ ಫಿಲ್ಟರ್ ಎಂಬ ಬೇರೊಂದು ಫಂಕ್ಷನ್ ಮೊದಲಿನಿಂದಲೂ ಇದೆ. ಡಿಪ್ಲೈಯರ್ ತೆರೆಯಲು ಮರೆತರೆ ಆಜ್ಞೆ ಹೋಗುವುದು ಅದಕ್ಕೆ.

ಪೈಥಾನ್‌ನ ಪಾಂಡಾಸ್

ವೆಸ್ ಮೆಕಿನ್ನಿ 2008ರಲ್ಲಿ ಬರೆಯತೊಡಗಿದ ಪಾಂಡಾಸ್ ಗ್ರಂಥಾಲಯ ಡೇಟಾ ಫ್ರೇಮ್ ಪರಿಕಲ್ಪನೆಯನ್ನು ಪೈಥಾನ್‌ಗೆ ತಂದಿತು. ಅಲ್ಲಿ ಹೆಸರಿನ ಆಯ್ಕೆಗೆ ಲೊಕ್, ಸ್ಥಾನದ ಆಯ್ಕೆಗೆ ಐಲೊಕ್ ಎಂದು ಎರಡು ಬೇರೆ ಸಾಧನಗಳಿವೆ. ಎರಡನ್ನೂ ಬೆರೆಸುತ್ತಿದ್ದ ಐಎಕ್ಸ್ ಎಂಬ ಹಳೆಯ ಸಾಧನ ಗೊಂದಲಕ್ಕೆ ಕಾರಣವಾಗಿ 2020ರ 1.0 ಆವೃತ್ತಿಯಲ್ಲಿ ತೆಗೆದುಹಾಕಲ್ಪಟ್ಟಿತು. ಲೊಕ್‌ನ ವ್ಯಾಪ್ತಿಯಲ್ಲಿ ಕೊನೆಯ ಹೆಸರೂ ಸೇರುತ್ತದೆ, ಐಲೊಕ್‌ನಲ್ಲಿ ಕೊನೆಯ ಸ್ಥಾನ ಸೇರುವುದಿಲ್ಲ. ಬಿಟ್ಟುಹೋದ ದಶಮಾಂಶ ಬೆಲೆಯ ಹೋಲಿಕೆ ಅಲ್ಲಿ ಸಾಮಾನ್ಯವಾಗಿ ಫಾಲ್ಸ್ ಆಗುವುದರಿಂದ ಓಜೋನ್ ಉದಾಹರಣೆಗೆ ನೇರವಾಗಿ 7 ಸಾಲುಗಳೇ ಸಿಗುತ್ತವೆ. ಆದರೆ ಸಮವಲ್ಲ ಎಂಬ ಷರತ್ತಿಗೆ ಅದೇ ಬೆಲೆ ಟ್ರೂ ಆಗಿ ಬೇಡದ ಸಾಲುಗಳು ಒಳಬರುತ್ತವೆ.

ಕನ್ನಡ ದತ್ತಾಂಶದಲ್ಲಿ ಆಯ್ಕೆ

ಕಂಬಸಾಲಿನ ಹೆಸರು ಮತ್ತು ಬೆಲೆಗಳು ಕನ್ನಡದಲ್ಲಿದ್ದರೂ ಆರ್‌ನ ಆಯ್ಕೆ ಕೆಲಸ ಮಾಡುತ್ತದೆ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯುವುದು ಒಳ್ಳೆಯದು. ಸಮಸ್ಯೆ ಇರುವುದು ಅಕ್ಷರಗಳ ಸಂಕೇತದಲ್ಲಿ. ಯುನಿಕೋಡ್‌ನಲ್ಲಿ ‘ಕೊಡಗು’ ಪದದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. ‘ಕೋಲಾರ’ದ ಓತ್ವ ಬಿಡಿಸಿದರೆ ಮೂರು ಸಂಕೇತಗಳಾಗುತ್ತದೆ. ತೆರೆಯ ಮೇಲೆ ಎರಡೂ ರೂಪ ಒಂದೇ. ಆರ್‌ನ == ಚಿಹ್ನೆ ಮಾತ್ರ ಸಂಕೇತಗಳನ್ನೇ ಹೋಲಿಸುವುದರಿಂದ ಅವು ಬೇರೆ ಬೇರೆ ಎನ್ನುತ್ತದೆ. ಬೇರೆ ಬೇರೆ ಕಚೇರಿಗಳಿಂದ ಬಂದ ಕಡತಗಳನ್ನು ಕೂಡಿಸಿ ಜಿಲ್ಲೆ "ಕೊಡಗು" ಎಂದು ಆರಿಸಿದಾಗ ಅರ್ಧ ಸಾಲುಗಳು ಕಾಣೆಯಾಗಲು ಇದೊಂದು ಕಾರಣ. ಸ್ಟ್ರಿಂಗಿ ಪ್ಯಾಕೇಜಿನ ಎನ್‌ಎಫ್‌ಸಿ ಸಾಮಾನ್ಯೀಕರಣದಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತರಬಹುದು.

ಅರ್ಧಾಕ್ಷರದ ನಂತರ ಒತ್ತಕ್ಷರ ಆಗದಂತೆ ತಡೆಯಲು ಬಳಸುವ ಶೂನ್ಯ ಅಗಲದ ಅಕ್ಷರ ಇನ್ನೊಂದು ತೊಡಕು. ಪದದ ಕೊನೆಯಲ್ಲಿ ಉಳಿದರೆ ಅದು ಕಣ್ಣಿಗೆ ಕಾಣುವುದೇ ಇಲ್ಲ, ಸಾಮಾನ್ಯೀಕರಣದಿಂದಲೂ ಹೋಗುವುದಿಲ್ಲ. ಬೇರೆಯಾಗಿ ಹುಡುಕಿ ತೆಗೆಯಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳಲ್ಲಿ ಕನ್ನಡದಂತೆ ಕಾಣುವುದು ಒಳಗೆ ಲ್ಯಾಟಿನ್ ಸಂಕೇತಗಳು. ಅವುಗಳನ್ನು ಯುನಿಕೋಡ್‌ಗೆ ಪರಿವರ್ತಿಸದೆ ಕನ್ನಡ ಪದದಿಂದ ಆಯ್ಕೆ ಸಾಧ್ಯವಿಲ್ಲ. ಕನ್ನಡ ಅಂಕಿಗಳಲ್ಲಿ ನಮೂದಾದ ಸಂಖ್ಯೆಗಳನ್ನು ಆರ್ ಪಠ್ಯವೆಂದೇ ಓದುತ್ತದೆ. ಸಂಖ್ಯೆಗಳ ಹೋಲಿಕೆಗೆ ಮೊದಲು ಅಂಕಿಗಳನ್ನು ಬದಲಿಸಿಕೊಳ್ಳಬೇಕು.

ಇಂದಿನ ಸ್ಥಿತಿ

2020ರ 4.0.0 ಆವೃತ್ತಿಯಿಂದ ಡೇಟಾ ಫ್ರೇಮ್ ಕಟ್ಟುವಾಗ ಪಠ್ಯವನ್ನು ತಾನಾಗಿ ಫ್ಯಾಕ್ಟರ್ ಮಾಡುವ ಹಳೆಯ ಪದ್ಧತಿ ನಿಂತಿತು. ಫ್ಯಾಕ್ಟರನ್ನೇ ಸೂಚಿಯಾಗಿ ಕೊಟ್ಟರೆ ಹೆಸರಿನ ಬದಲು ಒಳಗಿನ ಅಂಕಿ ಬಳಕೆಯಾಗುತ್ತಿದ್ದ ತಪ್ಪುಗಳು ಇದರಿಂದ ಕಡಿಮೆಯಾದವು. 2021ರ 4.1.0 ಆವೃತ್ತಿಯಲ್ಲಿ ಒಂದು ಹಂತದ ಫಲಿತಾಂಶವನ್ನು ಮುಂದಿನ ಹಂತಕ್ಕೆ ಹರಿಸುವ |> ಚಿಹ್ನೆ ಮೂಲ ಭಾಷೆಗೇ ಸೇರಿ, ಆಯ್ಕೆಗಳನ್ನು ಸರಪಳಿಯಾಗಿ ಬರೆಯುವುದು ಸುಲಭವಾಯಿತು. ನೆನಪಿನ ಕೋಶಕ್ಕೆ ಹಿಡಿಸದ ದತ್ತಾಂಶಕ್ಕೆ ಈಗ ಬೇರೆ ದಾರಿಗಳಿವೆ. ಡಿಬಿಪ್ಲೈಯರ್ ಪ್ಯಾಕೇಜ್ ಫಿಲ್ಟರ್, ಸೆಲೆಕ್ಟ್ ಆಜ್ಞೆಗಳನ್ನು ಎಸ್‌ಕ್ಯೂಎಲ್‌ಗೆ ಅನುವಾದಿಸಿ ದತ್ತಸಂಚಯದಲ್ಲೇ ನಡೆಸುತ್ತದೆ. ಪಾರ್ಕೆ ಮಾದರಿಯ ಕಡತಗಳು ಕಂಬಸಾಲುಗಳನ್ನು ಬೇರೆ ಬೇರೆಯಾಗಿ ಸಂಗ್ರಹಿಸುವುದರಿಂದ ಕೇಳಿದ ಕಂಬಸಾಲುಗಳನ್ನು ಮಾತ್ರ ಡಿಸ್ಕಿನಿಂದ ಓದಬಹುದು. ಆ್ಯರೋ ಮತ್ತು ಡಕ್‌ಡಿಬಿ ಇದನ್ನೇ ಬಳಸಿಕೊಳ್ಳುತ್ತವೆ.

ಸುತ್ತಲಿನ ಪ್ಯಾಕೇಜುಗಳು ಇಷ್ಟು ಬೆಳೆದಿದ್ದರೂ ಮೂಲ ಆರ್‌ನ ಆವರಣದ ನಿಯಮಗಳು ಹೆಚ್ಚುಕಡಿಮೆ ಹಿಂದಿನಂತೆಯೇ ಇವೆ. ಅವುಗಳನ್ನು ನಂಬಿ ಬರೆದ ಪ್ಯಾಕೇಜುಗಳು ಅಧಿಕೃತ ಭಂಡಾರವಾದ ಕ್ರಾನ್‌ನಲ್ಲಿ ಸಾವಿರಗಟ್ಟಲೆ ಇರುವುದರಿಂದ ನಿಯಮ ಬದಲಿಸುವುದು ಸುಲಭವಲ್ಲ. ಒಂದೇ ಕಂಬಸಾಲು ಆರಿಸಿದಾಗ ಕೋಷ್ಟಕ ವೆಕ್ಟರ್ ಆಗುವ, ಎನ್ಎ ಇದ್ದ ಕಡೆ ಖಾಲಿ ಸಾಲು ಬರುವ, ಡಾಲರ್ ಮುಂದೆ ಅರ್ಧ ಹೆಸರು ನಡೆಯುವ ರೂಢಿಗಳು ಮೂಲ ಡೇಟಾ ಫ್ರೇಮಿನಲ್ಲಿ ಇಂದಿಗೂ ಜಾರಿಯಲ್ಲಿವೆ.